ಗಣಕ ಪಾಠಗಳ ಕನ್ನಡ ಧ್ವನಿ: ಒಂದು ವಿಮರ್ಶೆ

ಚಲನಚಿತ್ರಗಳ ಡಬ್ಬಿಂಗ್ ಕುರಿತು ಕನ್ನಡದಲ್ಲಿ ದಶಕಗಳ ಕಾಲ ವಾಗ್ವಾದ ನಡೆದಿದೆ. ಅದೇ ಬಗೆಯ ಕಾರ್ಯವು ಗಣಕಯಂತ್ರದ ಪಾಠಗಳಲ್ಲಿ ಸದ್ದಿಲ್ಲದೆ ನಡೆದಿದ್ದರೂ ಅದನ್ನು ಭಾಷೆಯ ದೃಷ್ಟಿಯಿಂದ ಪರಿಶೀಲಿಸುವ ಪ್ರಯತ್ನಗಳು ವಿರಳ. ಹೊರನಾಡಿನ ಕನ್ನಡಿಗರ ಮಟ್ಟಿಗಂತೂ ಈ ಪಾಠಗಳು ಚಲನಚಿತ್ರಕ್ಕಿಂತ ಹೆಚ್ಚು ನಿತ್ಯೋಪಯೋಗಿಯಾದವು.

ಇದಕ್ಕೆ ಪ್ರಮುಖ ನಿದರ್ಶನ ಮುಂಬಯಿಯ ಪೊವಾಯಿಯಲ್ಲಿರುವ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ರೂಪುಗೊಂಡ ಇದಕ್ಕೆ, 2009ರಲ್ಲಿ ಆರಂಭವಾದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣದ ರಾಷ್ಟ್ರೀಯ ಅಭಿಯಾನದ ನೆರವು ದೊರೆಯಿತು. ಲಿಬ್ರೆ ಆಫೀಸ್, ಸೈಲ್ಯಾಬ್ ಮುಂತಾದ ಮುಕ್ತ ತಂತ್ರಾಂಶಗಳ ಬಳಕೆಯನ್ನು ಸುಮಾರು ಹತ್ತು ನಿಮಿಷಗಳ ಪಾಠಗಳಲ್ಲಿ ಇಲ್ಲಿ ತೋರಿಸಲಾಗಿದೆ. ಪರದೆಯ ಮೇಲಿನ ಚಿತ್ರ ಇಂಗ್ಲಿಷಿನದೇ. ಧ್ವನಿ ಮಾತ್ರ ಕನ್ನಡ, ತಮಿಳು, ಮರಾಠಿ ಮೊದಲಾದ ಭಾಷೆಗಳಿಗೆ ಬದಲಾಗುತ್ತದೆ. ವಿದ್ಯಾರ್ಥಿಯು ಒಂದು ಮಗ್ಗುಲಲ್ಲಿ ಪಾಠವನ್ನೂ ಇನ್ನೊಂದು ಮಗ್ಗುಲಲ್ಲಿ ತಂತ್ರಾಂಶವನ್ನೂ ಇಟ್ಟುಕೊಂಡು, ಕೇಳಿದ್ದನ್ನು ಅಲ್ಲಲ್ಲೇ ನಿಲ್ಲಿಸಿ ಮಾಡಿನೋಡಬೇಕು ಎಂಬುದು ಇದರ ಬೋಧನಕ್ರಮ.

ಪರದೆಯಲ್ಲಿ ಇಂಗ್ಲಿಷ್ ಉಳಿದಿರುವಾಗ ‘ಫೈಲ್’ ಎಂಬುದನ್ನು ‘ಕಡತ’ ಎಂದು ಹೇಳಿದರೆ ಕೇಳುವವನು ಆ ಕಡತವನ್ನು ಎಲ್ಲಿ ಹುಡುಕಬೇಕು? ಇಂಗ್ಲಿಷ್ ಪದಗಳ ಬಗ್ಗೆ ಶುದ್ಧಭಾಷಾವಾದಿಗಳು ಎತ್ತಬಹುದಾದ ಆಕ್ಷೇಪಕ್ಕೆ ಇಷ್ಟು ಉತ್ತರ ಸಾಕು. ನಿಜವಾದ ಸಮಸ್ಯೆ ಇರುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ.

ಮೊದಲಿಗೆ ಕನ್ನಡಕ್ಕಿರುವ ಅನುಕೂಲವನ್ನು ಹೇಳಬೇಕು. ಇಂಗ್ಲಿಷಿನ ಆಜ್ಞಾವಾಕ್ಯದಲ್ಲಿ ಕ್ರಿಯೆ ಮೊದಲು, ಸ್ಥಳ ಆಮೇಲೆ. ‘ಫೈಲ್ ಮೆನುವಿನ ಮೇಲೆ ಕ್ಲಿಕ್ ಮಾಡಿ’ ಎಂಬ ಕನ್ನಡ ವಾಕ್ಯದಲ್ಲಿ ಮೊದಲು ಕಣ್ಣಿಗೆ ಸ್ಥಳ, ನಂತರ ಕೈಗೆ ಕೆಲಸ. ಮೌಸಿನ ಬಾಣ ಚಲಿಸುವುದೂ ಇದೇ ಕ್ರಮದಲ್ಲಿ. ಆದರೆ ಮೂಲ ಚಿತ್ರದ ಅವಧಿಯೊಳಗೆ ಮಾತನ್ನು ಹೊಂದಿಸಬೇಕಾದಾಗ, ವಿಭಕ್ತಿ ಪ್ರತ್ಯಯಗಳಿಂದ ಉದ್ದವಾದ ಕನ್ನಡ ಪದಗಳನ್ನು ಓದುವವರು ಅವಸರಿಸುತ್ತಾರೆ. ಅವಸರದಲ್ಲಿ ಮೊದಲು ಕಳೆದುಹೋಗುವುದು ವಿರಾಮ.

ವಿರಾಮ ಕಳೆದರೆ ಆಗುವುದೇನು? ‘ಮಾಡಿ’ ಎಂಬುದು ಕನ್ನಡದಲ್ಲಿ ವಿಧ್ಯರ್ಥವೂ ಹೌದು, ಭೂತಕಾಲದ ಕೃದಂತಾವ್ಯಯವೂ ಹೌದು. ‘ಒತ್ತಿ’, ‘ಹೋಗಿ’, ‘ಆರಿಸಿ’ ಕೂಡ ಹಾಗೆಯೇ. ‘ತೆರೆಯಿರಿ’ ಮತ್ತು ‘ತೆರೆದು’ ಎಂಬಲ್ಲಿ ಈ ಗೊಂದಲವಿಲ್ಲ. ಆದರೆ ಕ್ಲಿಕ್, ಸೇವ್, ಟೈಪ್, ಕಾಪಿ ಮುಂತಾದ ಎರವಲು ಕ್ರಿಯೆಗಳೆಲ್ಲ ‘ಮಾಡು’ ಧಾತುವನ್ನೇ ಆಶ್ರಯಿಸುವುದರಿಂದ ಗಣಕದ ಕನ್ನಡದಲ್ಲಿ ಈ ದ್ವ್ಯರ್ಥವು ಅಪವಾದವಾಗಿರದೆ ನಿಯಮವೇ ಆಗಿಬಿಟ್ಟಿದೆ. ಮುದ್ರಣದಲ್ಲಿ ಅಲ್ಪವಿರಾಮವೋ ಪೂರ್ಣವಿರಾಮವೋ ಅರ್ಥವನ್ನು ಬಿಡಿಸುತ್ತದೆ. ಧ್ವನಿಯಲ್ಲಿ ಆ ಹೊಣೆ ಓದುವವರ ಉಸಿರಿನದು.

ಇದರ ಪರಿಣಾಮವನ್ನು ನಾನು ಕಂಡದ್ದು ಆಂಟಾಪ್ ಹಿಲ್‌ನಲ್ಲಿ, ತಪ್ಪು ನನ್ನದೇ. ವಡಾಲ ಮತ್ತು ಸಾಯನ್ ನಡುವಿನ ಈ ಪ್ರದೇಶದಲ್ಲಿ ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳಿವೆ. ಅಲ್ಲಿನ ಒಂದು ಮನೆಯ, ಕಲಬುರಗಿ ಕಡೆಯ ಹುಡುಗಿಗೆಂದು ಪತ್ರ ಬರೆಯುವ ವಿಧಾನದ ಚಿಕ್ಕ ಚಿತ್ರವೊಂದಕ್ಕೆ ಆಡಾಸಿಟಿ ತಂತ್ರಾಂಶದಲ್ಲಿ ನಾನೇ ಕನ್ನಡ ಧ್ವನಿ ಸೇರಿಸಿದ್ದೆ. ಆಕೆ ಎರಡು ಪುಟಗಳ ಉದ್ಯೋಗದ ಅರ್ಜಿಯನ್ನು ಟೈಪ್ ಮಾಡಿ, ಪಾಠದಂತೆ ಮೌಸಿನಿಂದ ಪೂರ್ಣ ಪಠ್ಯವನ್ನು ಆಯ್ಕೆ ಮಾಡಿದಳು. ಆಮೇಲೆ ನನ್ನ ಧ್ವನಿ ‘ಕಂಟ್ರೋಲ್ ಒತ್ತಿ ಸಿ ಒತ್ತಿ’ ಎಂದಿತು. ನನ್ನ ಮನಸ್ಸಿನಲ್ಲಿ ಮೊದಲ ‘ಒತ್ತಿ’ ಕೃದಂತಾವ್ಯಯ. ಅವಳ ಕಿವಿಯಲ್ಲಿ ಅದು ಆಜ್ಞೆ. ಕಂಟ್ರೋಲ್ ಒತ್ತಿದಳು, ಬಿಟ್ಟಳು, ಸಿ ಒತ್ತಿದಳು. ಎರಡು ಪುಟಗಳ ಜಾಗದಲ್ಲಿ ‘ಸಿ’ ಎಂಬ ಒಂದೇ ಅಕ್ಷರ ನಿಂತಿತು. ಅದನ್ನೇ ಸೇವ್ ಮಾಡಿ ಮುಚ್ಚಿಯೂ ಆಗಿತ್ತು. ‘ಎಲ್ಲಾ ಹೋತಲ್ರಿ ಸರ’ ಎಂದಳು. ಅರ್ಜಿಯ ಕೊನೆಯ ದಿನ ಅದು. ರಾತ್ರಿ ಇಬ್ಬರೂ ಕೂತು ಮತ್ತೆ ಟೈಪ್ ಮಾಡಿದೆವು.

ಮೌಸಿನ ಕ್ರಿಯೆಯನ್ನು ಪರದೆಯೇ ತೋರಿಸುತ್ತದೆ, ಧ್ವನಿ ತಪ್ಪಿದರೂ ಕಣ್ಣು ತಿದ್ದಿಕೊಳ್ಳುತ್ತದೆ. ಕೀಲಿಮಣೆಯ ಕ್ರಿಯೆ ಸಾಮಾನ್ಯವಾಗಿ ಪರದೆಯಲ್ಲಿ ಕಾಣದು. ಅಲ್ಲಿ ಧ್ವನಿಯೇ ಪಾಠ. ‘ಒಟ್ಟಿಗೆ ಒತ್ತಿ’ ಎಂಬ ಪರಿಹಾರವೂ ಪೂರ್ಣವಲ್ಲ, ಏಕೆಂದರೆ ಸಿ ಮೊದಲು ತಗುಲಿದರೆ ಅದೇ ಅನಾಹುತ. ಕುತೂಹಲದ ಸಂಗತಿಯೆಂದರೆ, ಆ ಹುಡುಗಿಯ ಮನೆಮಾತಿನಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ. ಅಲ್ಲಿ ಗೌರವದ ಆಜ್ಞೆ ‘ಒತ್ರಿ’, ‘ಮಾಡ್ರಿ’. ಕೃದಂತ ‘ಒತ್ತಿ’, ‘ಮಾಡಿ’. ನನ್ನ ದಕ್ಷಿಣದ ‘ಶಿಷ್ಟ’ ಕನ್ನಡ ಕಳೆದುಕೊಂಡ ಭೇದವನ್ನು ಅದು ಉಳಿಸಿಕೊಂಡಿದೆ. ಗ್ರಾಂಥಿಕವೆಂದು ನಾವು ದೂರವಿಟ್ಟ ‘ಒತ್ತಿರಿ’ ಕೂಡ ಇದೇ ಭೇದವನ್ನು ಕಾಯುತ್ತದೆ. ಆದ್ದರಿಂದ ಧ್ವನಿಪಾಠಗಳಲ್ಲಿ ಆಡುಮಾತು ಬೇಕೋ ಗ್ರಾಂಥಿಕ ಬೇಕೋ ಎಂಬ ಚರ್ಚೆಯಲ್ಲಿ ‘ಯಾವ ಪ್ರದೇಶದ ಆಡುಮಾತು’ ಎಂಬ ಪ್ರಶ್ನೆಯನ್ನು ಬಿಡಲಾಗದು.

ನಡೆದದ್ದನ್ನು ಕೇಳಿದ ಅವಳ ತಾಯಿ ‘ಹಿಡಕೊಂಡು ಒತ್ತು ಅಂದಿದ್ರ ಆಗತಿತ್ತಲ್ರಿ’ ಎಂದರು. ‘ಕೊಂಡು’ ಎಂಬ ಸಹಾಯಕ ರೂಪವು ಕ್ರಿಯೆ ಮುಗಿಯದೆ ಮುಂದುವರಿದಿದೆ ಎಂಬುದನ್ನು ಸೂಚಿಸುತ್ತದೆ. ಕಂಟ್ರೋಲ್ ಕೀಲಿಗೆ ಬೇಕಾದದ್ದು ಅದೇ. ಹಾಗೆಯೇ ಮರುಧ್ವನಿಮುದ್ರಿಸಿದೆ. ವಾಕ್ಯ ಉದ್ದವಾದುದರಿಂದ ಆ ಜಾಗದಲ್ಲಿ ಚಿತ್ರವನ್ನು ಎರಡು ಸೆಕೆಂಡು ತಡೆದು ನಿಲ್ಲಿಸಬೇಕಾಯಿತು.