‘ಅವ್ವೆ’ ಶಬ್ದದ ಅರ್ಥಗೌರವ

‘ಅವ್ವೆ’, ‘ಅವ್ವ’ ಎಂಬ ಶಬ್ದಗಳಿಗೆ ನಿಘಂಟುಗಳು ತಾಯಿ, ಅಜ್ಜಿ, ವೃದ್ಧೆ ಎಂಬ ಅರ್ಥಗಳನ್ನು ಕೊಡುತ್ತವೆ. ಇವು ತಪ್ಪಲ್ಲ, ಆದರೆ ಈ ಮೂರನ್ನೂ ಹೆಣೆದಿರುವ ಪೂಜ್ಯಭಾವ ಅರ್ಥಗಳ ಪಟ್ಟಿಯಲ್ಲಿ ಮರೆಯಾಗುತ್ತದೆ. ವಯಸ್ಸು ಆ ಪೂಜ್ಯತೆಗೆ ಒಂದು ಕಾರಣವೇ ಹೊರತು ಏಕಮಾತ್ರ ಕಾರಣವಲ್ಲ.

ಶಬ್ದಸಾಮ್ಯವನ್ನು ಕಂಡು ಇದನ್ನು ಸಂಸ್ಕೃತದ ‘ಅಂಬಾ’ದ ತದ್ಭವವೆಂದು ಊಹಿಸಲು ಮನಸ್ಸು ಹರಿಯಬಹುದು. ತಮಿಳಿನ ‘ಅವ್ವೈ’, ತೆಲುಗಿನ ‘ಅವ್ವ’, ಕೊಡವದ ‘ಅವ್ವ’ಗಳೊಡನೆ ಇಟ್ಟು ನೋಡಿದರೆ ಇದು ದ್ರಾವಿಡ ಭಾಷೆಗಳ ಸ್ವಂತ ಶಬ್ದವೆನ್ನುವುದೇ ಯುಕ್ತವಾಗಿದೆ. ತೆಲುಗಿನಲ್ಲಿ ಅಜ್ಜಿ, ಕೊಡವದಲ್ಲಿ ತಾಯಿ, ತಮಿಳಿನಲ್ಲಿ ತಾಯಿ, ವೃದ್ಧೆಯರೊಡನೆ ತಪಸ್ವಿನಿ ಎಂಬ ಅರ್ಥವೂ ಉಂಟು. ತಪಸ್ವಿನಿಯಾಗಲು ಮುಪ್ಪು ಅಗತ್ಯವಲ್ಲವೆಂಬುದು ಇಲ್ಲಿ ಗಮನಾರ್ಹ.

ತಮಿಳಿನಲ್ಲಿ ಔವೈಯಾರ್ ಎಂಬ ಹೆಸರು ಒಬ್ಬರಿಗಿಂತ ಹೆಚ್ಚು ಕವಯಿತ್ರಿಯರಿಗೆ ಸಂದಿದೆ. ಸಂಘಕಾಲದ ಔವೈ ಅದಿಯಮಾನನ ಆಶ್ರಯದಲ್ಲಿದ್ದವಳು. ಅವನ ಪರವಾಗಿ ತೊಂಡೈಮಾನನ ಬಳಿಗೆ ದೂತಳಾಗಿ ಹೋದವಳು. ‘ಆತ್ತಿಚೂಡಿ’ಯನ್ನು ರಚಿಸಿದವಳು ಬಹುಕಾಲದ ಅನಂತರದವಳು. ಜನಮನವು ಇವರನ್ನೆಲ್ಲ ಕೋಲು ಹಿಡಿದ ಒಬ್ಬ ಮುದುಕಿಯಲ್ಲಿ ಕೂಡಿಸಿತು. ಗೌರವದ ಹೆಸರೇ ವೃದ್ಧಾಪ್ಯವನ್ನು ಆರೋಪಿಸಿತೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕನ್ನಡದಲ್ಲಿ ‘ಅಬ್ಬೆ’ ಎಂಬ ರೂಪವೂ ಪ್ರಸಿದ್ಧವಾದುದು. ಪಂಪನ ತಾಯಿ ಅಬ್ಬಣಬ್ಬೆ. ರನ್ನನಿಂದ 993ರಲ್ಲಿ ‘ಅಜಿತಪುರಾಣ’ವನ್ನು ಬರೆಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರ ರೆಮ್ಮವ್ವೆ, ಸೂಳೆ ಸಂಕವ್ವೆ ಎಂಬ ಹೆಸರುಗಳಿವೆ. ಒಬ್ಬಳ ಕಾಯಕ ನೂಲುವುದು. ಇನ್ನೊಬ್ಬಳ ವೃತ್ತಿಯನ್ನು ಅವಳ ಹೆಸರೇ ಸಾರುತ್ತದೆ. ಶ್ರೀಮಂತ ಕುಲಗಳ ಮಾತೃವಾಚಕವೇ ಇವರಿಗೂ ಸಂದಿತೆಂದು ಹಿಗ್ಗುವ ಮುನ್ನ ಒಂದು ಆಕ್ಷೇಪವನ್ನು ಎದುರಿಸಬೇಕು: ಇಂತಹ ಅಂತ್ಯಪದಗಳು ಹುಟ್ಟುಹೆಸರಿನಲ್ಲಿಯೇ ಇರಬಹುದು, ಆದುದರಿಂದ ಅವುಗಳಿಂದಲೇ ವಿಶೇಷ ಗೌರವ ಸಿದ್ಧವಾಗದು. ಆಕ್ಷೇಪ ಸಮಂಜಸವಾಗಿದೆ.

ಹೆಚ್ಚು ಬಲವಾದ ಪ್ರಮಾಣ ‘ಅಕ್ಕ’ ಎಂಬ ಬಂಧುವಾಚಕದಲ್ಲಿ ದೊರೆಯುತ್ತದೆ. ಮಹಾದೇವಿಗೆ ಅದು ಹುಟ್ಟಿನಿಂದ ಬಂದುದಲ್ಲ. ಕಲ್ಯಾಣಕ್ಕೆ ಬಂದಾಗ ಆಕೆ ತರುಣಿ; ಹಿರಿಯ ಶರಣರ ನಡುವೆ ಆಕೆ ಅಕ್ಕನಾದುದು ಅನುಭಾವದ ಹಿರಿತನದಿಂದ. ಬಂಧುವಾಚಕವು ವಯಸ್ಸಿನ ಕಟ್ಟನ್ನು ಕಳಚಿ ಯೋಗ್ಯತೆಯನ್ನು ಸೂಚಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಈ ವಿಶಾಲತೆ ಇನ್ನೂ ಉಳಿದಿದೆ. ಅಳುವ ಹೆಣ್ಣುಮಗುವನ್ನು ‘ಯಾಕವ್ವ?’ ಎಂದು ಸಂತೈಸುವ ನಾಲಗೆಯೇ ಮನೆಯ ಹಿರಿಯಳನ್ನೂ ‘ಅವ್ವ’ ಎನ್ನುತ್ತದೆ. ಇಂತಹ ಶಬ್ದವನ್ನು ಹಳ್ಳಿಗಾಡಿನದೆಂದು ಕೆಲವರು ಸಂಕೋಚದಿಂದ ಬಿಡುತ್ತಿರುವುದು ಖೇದಕರ. ಆದರೆ ಅದಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ: ಬಾಯಿತುಂಬ ಅವ್ವನೆಂದು ಕರೆದು, ಮನೆಯ ತೀರ್ಮಾನಗಳಲ್ಲಿ ಅವಳ ಮಾತನ್ನು ಕೇಳದಿರುವುದು. ಶಬ್ದದ ಅರ್ಥವು ನಿಘಂಟಿನಲ್ಲಿ ಉಳಿದರೆ ಸಾಲದು, ನಡೆಯಲ್ಲಿಯೂ ಉಳಿಯಬೇಕು.