ಬಿಳಿಯ ನೆತ್ತರು: ಗಡಿನಾಡಿನಲ್ಲಿ ಒಂದು ರೋಗದ ಹೆಸರು

ಲ್ಯುಕೇಮಿಯಾ ಎಂಬ ಪದ ಹುಟ್ಟಿದ್ದು ಕಣ್ಣಿಗೆ ಕಂಡದ್ದರಿಂದ. ಬಿಳಿಯ ಕಣಗಳು ಮಿತಿಮೀರಿ ತುಂಬಿದ್ದ ರಕ್ತವನ್ನು ಪರೀಕ್ಷಿಸಿದ ರುಡಾಲ್ಫ್ ವಿರ್ಚೋ 1845ರಲ್ಲಿ ಅದನ್ನು ತನ್ನ ಜರ್ಮನ್ ನುಡಿಯಲ್ಲಿ 'ಬಿಳಿಯ ರಕ್ತ' ಎಂದೇ ಕರೆದ. 1847ರಲ್ಲಿ ಅದಕ್ಕೆ ಗ್ರೀಕ್ ರೂಪ ಕೊಟ್ಟ. ಧಾತುವನ್ನು ಬಿಡಿಸಿ ಅರ್ಥ ಹೇಳುವ ಕ್ರಮ ಕನ್ನಡಕ್ಕೆ ಹೊಸದಲ್ಲ. ಡಿ. ಎಸ್. ಶಿವಪ್ಪನವರ 'ವೈದ್ಯಕೀಯ ಪದಗಳ ಹುಟ್ಟು ರಚನೆ' ಎಂಬ ಶೀರ್ಷಿಕೆಯೇ ಆ ಮಾರ್ಗವನ್ನು ಸೂಚಿಸುತ್ತದೆ. ಆದರೆ ಈ ರೋಗದ ಮಟ್ಟಿಗೆ ಧಾತು ಅರ್ಧ ದಾರಿಗೇ ಕೈಬಿಡುತ್ತದೆ.

ಬಿಳಿ ರಕ್ತಕಣಗಳನ್ನು ದೇಹದ ಸೈನಿಕರೆಂದು ಶಾಲೆಯಲ್ಲಿ ಓದಿದವರ ಕೈಗೆ ಒಂದು ವರದಿ ಬರುತ್ತದೆನ್ನೋಣ. ಮೈಕ್ರೋಲೀಟರಿಗೆ 4,000ದಿಂದ 11,000 ಇರಬೇಕಾದ ಕಣಗಳು ಲಕ್ಷ ದಾಟಿವೆ. ಸೈನ್ಯ ಬೆಳೆದಿರುವಾಗ ಮಗುವಿಗೆ ಮತ್ತೆ ಮತ್ತೆ ಜ್ವರವೇಕೆ? ರೂಪಕದ ಬಳಿ ಉತ್ತರವಿಲ್ಲ. ಅಸ್ಥಿಮಜ್ಜೆ ಬಲಿಯದ ಕಣಗಳನ್ನೇ ಹೊರದೂಡುತ್ತಿದೆ, ಅವುಗಳಿಗೆ ಕಾಯುವ ಶಕ್ತಿಯಿಲ್ಲ, ಕೆಂಪು ಕಣ ಮತ್ತು ಪ್ಲೇಟ್‌ಲೆಟ್‌ಗಳಿಗೆ ಅವು ಎಡೆಯನ್ನೂ ಬಿಡುವುದಿಲ್ಲ ಎಂಬುದನ್ನು ಹೇಳಬಲ್ಲ ಪದ ಬೇಕು. 'ಅಪಕ್ವ ಕೋಶ' ಸರಿಯಾದ ಪದವೇ. 'ಎಳಸು ಕಣ' ಅದಕ್ಕಿಂತ ಸರಿ. ಎಳಸು ಕಾಯಿ ಎಷ್ಟಿದ್ದರೂ ಕಣಜ ತುಂಬದೆಂದು ಒಕ್ಕಲಿಗರಿಗೆ ಯಾರೂ ವಿವರಿಸಬೇಕಾಗಿಲ್ಲ.

ಚಂದಗಡದಲ್ಲಿ ಸಮಸ್ಯೆಗೆ ಇನ್ನೊಂದು ಮಡಿಕೆಯಿದೆ. 1956ರವರೆಗೆ ಬೆಳಗಾವಿ ಜಿಲ್ಲೆಗೆ ಸೇರಿದ್ದ ಈ ತಾಲೂಕು ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಇಂದು ಅದು ಕೊಲ್ಹಾಪುರ ಜಿಲ್ಲೆಯ ಭಾಗ. ಇಲ್ಲಿನ ಕನ್ನಡ ಮನೆಯ ರೋಗಿಗೆ ವರದಿ ಇಂಗ್ಲಿಷಿನಲ್ಲಿ, ವಿವರಣೆ ಮರಾಠಿಯಲ್ಲಿ, ಮನೆಯ ಚರ್ಚೆ ಕನ್ನಡದಲ್ಲಿ. ಕನ್ನಡ ಮರಾಠಿಗಳೆರಡೂ ಸಂಸ್ಕೃತದಿಂದ ಪದ ತರುತ್ತವೆಯಾದ್ದರಿಂದ ದಾಟುವುದು ಸುಲಭವೆಂಬ ನಂಬಿಕೆ ವಿದ್ವಾಂಸರಲ್ಲಿದೆ. ಎಡವುವುದು ಅಲ್ಲಿಯೇ. ಮರಾಠಿಯ 'ಪೇಶಿ' ಜೀವಕೋಶ. ಕನ್ನಡದ ಕಿವಿಗೆ ಅದು ಮಾಂಸಪೇಶಿ. ಮರಾಠಿಯ 'ರಕ್ತಕ್ಷಯ' ರಕ್ತಹೀನತೆ. ಕನ್ನಡದಲ್ಲಿ 'ಕ್ಷಯ' ಎಂದೊಡನೆ ಕೆಮ್ಮು, ಕಫ ನೆನಪಾಗುತ್ತವೆ. ಇವೆರಡಕ್ಕಿಂತ ತೊಡಕಿನದು 'ಲಸೀಕಾ'. ಮರಾಠಿಯಲ್ಲಿ ಅದು ದುಗ್ಧರಸ, ಕನ್ನಡದ 'ಲಸಿಕೆ' ರೋಗ ಬರದಂತೆ ಹಾಕಿಸುವ ಚುಚ್ಚುಮದ್ದು. ಕಾಯಿಲೆ ಲಸೀಕಾ ಕಣಗಳದ್ದೆಂದು ಕೇಳಿದ ತಾಯಿ, ಹಾಕಿಸಿದ ಲಸಿಕೆಯೇ ಮಗುವಿಗೆ ಮುಳುವಾಯಿತೆಂದು ತಿಳಿದರೆ ತಪ್ಪು ಆಕೆಯದಲ್ಲ. ಅಪರಿಚಿತ ಪದ ಕೇಳಿದವರು ಅರ್ಥ ಕೇಳುತ್ತಾರೆ. ಪರಿಚಿತವೆನಿಸಿದ ಪದದ ಅರ್ಥವನ್ನು ಯಾರೂ ಕೇಳುವುದಿಲ್ಲ.

'ತೀವ್ರ' ಎಂಬ ವಿಶೇಷಣ ಎರಡೂ ನುಡಿಗಳಲ್ಲಿ ಒಂದೇ, ಎರಡರಲ್ಲೂ ದಾರಿ ತಪ್ಪಿಸುತ್ತದೆ. ವೈದ್ಯಶಾಸ್ತ್ರದಲ್ಲಿ ಅದು ರೋಗ ಬೆಳೆಯುವ ವೇಗ. ಕೇಳುವವರಿಗೆ ಗುಣವಾಗದ ಉಗ್ರತೆ. ಮಕ್ಕಳಲ್ಲಿ ಕಾಣುವ ತೀವ್ರ ದುಗ್ಧಕಣ ಲ್ಯುಕೇಮಿಯಾ ಇಂದು ಪೂರ್ಣ ಚಿಕಿತ್ಸೆಯಿಂದ ಬಹುಪಾಲು ಗುಣವಾಗುವ ಕ್ಯಾನ್ಸರು. ಆ ಚಿಕಿತ್ಸೆ ಎರಡು ವರ್ಷಕ್ಕೂ ಮಿಕ್ಕಿ ನಡೆಯುತ್ತದೆ. ಹೆಸರು ಕೇಳಿಯೇ ಕೈಚೆಲ್ಲಿದ ಮನೆಯವರು ಎರಡನೆಯ ತಿಂಗಳಿಗೆ ಆಸ್ಪತ್ರೆಗೆ ಮರಳದಿರಬಹುದು. 'ಶೀಘ್ರಗತಿಯ' ಎಂದಿದ್ದರೆ, ಬೇಗ ಹೊರಡಬೇಕೆಂಬುದಾದರೂ ಆ ಪದದಲ್ಲಿ ಕೇಳಿಸುತ್ತಿತ್ತು.