ವಿಕ್ಟೋರಿಯಾ ಕಾಲದ ಶ್ರಮಿಕ ಲೇಖಕರೂ ಮಕ್ಕಳ ಪುಸ್ತಕಗಳ ಸಂಗ್ರಹವೂ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಬ್ರಿಟನ್ನಿನಲ್ಲಿ ಬಡಮಕ್ಕಳನ್ನು ಕುರಿತ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಆದರೆ 1799ರಲ್ಲಿ ಸ್ಥಾಪಿತವಾದ ರಿಲಿಜಸ್ ಟ್ರ್ಯಾಕ್ಟ್ ಸೊಸೈಟಿಯಂತಹ ಸಂಸ್ಥೆಗಳು ಹೊರತಂದ ನೀತಿಕಥೆಗಳಲ್ಲಿ ಬಡವರು ಬಹುಮಟ್ಟಿಗೆ ಕಥಾವಸ್ತುವೇ ಹೊರತು ಕರ್ತೃಗಳಲ್ಲ. ಗ್ರಾಮೀಣ ಶ್ರಮಿಕರೇ ಬರೆದುದನ್ನು ಅರಸುವವನು ಈ ಭೇದವನ್ನು ಮೊದಲು ಮನಗಾಣಬೇಕು.

ಸ್ಕಾಟ್ಲೆಂಡಿನ ಕರ್ಕ್‌ಕಾನೆಲ್ ಗ್ರಾಮದ ಅಲೆಕ್ಸಾಂಡರ್ ಆಂಡರ್ಸನ್ (1845–1909) ಇದಕ್ಕೆ ಉತ್ತಮ ನಿದರ್ಶನ. ರೈಲುಹಳಿಗಳ ದುರಸ್ತಿಯ ಕೂಲಿಯಾಗಿದ್ದ ಆತನು ತನ್ನ ಕಸುಬಿನ ಹೆಸರಾದ ‘ಸರ್ಫೇಸ್‌ಮನ್’ ಎಂಬುದನ್ನೇ ಕಾವ್ಯನಾಮವಾಗಿಸಿಕೊಂಡನು. ನಿದ್ದೆಹೋಗದ ಮಕ್ಕಳನ್ನು ತಾಯಿಯೊಬ್ಬಳು ಮಲಗಿಸುವ ಆತನ ‘ಕಡಲ್ ಡೂನ್’ ಮನೆಮಾತಿನ ಸ್ಕಾಟ್ಸ್ ನುಡಿಯಲ್ಲಿದೆ. ಅಲ್ಲಿ ಉಪದೇಶವಿಲ್ಲ, ದುಡಿದು ದಣಿದ ಮನೆಯ ವಾತ್ಸಲ್ಯವಿದೆ. ಆದರೆ ಆತನ ಕವನಸಂಪುಟಗಳು ಮಕ್ಕಳ ಪುಸ್ತಕಗಳೆಂದು ಪ್ರಕಟವಾದವುಗಳಲ್ಲ.

ಇಲ್ಲಿಯೇ ಸಂಗ್ರಹಕಾರ್ಯದ ತೊಡಕು. ಎಡ್ಗರ್ ಆಸ್ಬೋರ್ನ್ 1949ರಲ್ಲಿ ಟೊರಾಂಟೋ ಸಾರ್ವಜನಿಕ ಗ್ರಂಥಾಲಯಕ್ಕೆ ಸುಮಾರು 2,000 ಪುಸ್ತಕಗಳನ್ನಿತ್ತರು. ಓಪೀ ದಂಪತಿಗಳ ಸುಮಾರು 20,000 ಪುಸ್ತಕಗಳು 1988ರಲ್ಲಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯವನ್ನು ಸೇರಿದವು. ಇಂತಹ ಸಂಗ್ರಹಗಳ ಉಪಕಾರ ನಿರ್ವಿವಾದ. ಆದರೂ ‘ಮಕ್ಕಳ ಪುಸ್ತಕ’ವೆಂಬ ಹಣೆಪಟ್ಟಿಯನ್ನೂ ಚಿತ್ರ, ರಟ್ಟುಗಳ ಅಂದವನ್ನೂ ಮಾತ್ರ ನೆಚ್ಚಿದವನಿಗೆ ಆಂಡರ್ಸನ್ನನಂಥವರು ದಕ್ಕುವುದಿಲ್ಲ. ಬೆಲೆಯೇ ವಿರಳತೆಯ ಅಳತೆಯಲ್ಲ. ಕರ್ತೃವಿನ ಕಸುಬು, ಹುಟ್ಟೂರು, ನುಡಿಗಳನ್ನು ವಿಚಾರಿಸಿ, ಹಾಳೆ ಸವೆದ ಪ್ರತಿಯನ್ನೂ ಅದರಲ್ಲಿ ಅಂಟಿಸಿದ ಬಹುಮಾನದ ಚೀಟಿಯನ್ನೂ ಉಳಿಸಿಕೊಂಡರೆ ಮಾತ್ರ ಸಂಗ್ರಹವು ಇತಿಹಾಸಕ್ಕೆ ಆಧಾರವಾದೀತು. ಇಲ್ಲದಿದ್ದರೆ ಬಡವರ ಬಾಲ್ಯವನ್ನು ನಾವು ಪರರ ಬಾಯಿಂದಲೇ ಕೇಳಬೇಕಾಗುವುದು.